ತಡಿಯಕ್ಕ ಕೂರಿಸಿದ ಕಣ್ಣುಗಳು

ತಡಿಯಕ್ಕನ ಕೈಗೆ ಯಾವ ವಸ್ತುವನ್ನೂ ನೇರವಾಗಿ ಕೊಡಲಾಗುವುದಿಲ್ಲ. ಕೆಟ್ಟ ರೇಡಿಯೊ ಇರಲಿ, ನಿಂತ ಗಡಿಯಾರ ಇರಲಿ, ತಿರುಗುವುದನ್ನೇ ಮರೆತ ಮೋಟಾರು ಇರಲಿ, ತಂದವರೇ ಅದನ್ನು ಮೇಜಿನ ಹಸಿರು ಬಟ್ಟೆಯ ನಡುವೆ ಇಡಬೇಕು. ಇಟ್ಟ ಮೇಲೆ ತಡಿಯಕ್ಕ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊದಲ ಸಲ ಮನೆಗೆ ಬಂದ ನೆಂಟರ ಕೂಸು ತಾನಾಗಿ ಹತ್ತಿರ ಬರಲಿ ಎಂದು ಕಾಯುವವರಂತೆ ನೋಡುತ್ತ ನಿಲ್ಲುತ್ತಾರೆ. ತಂದವನಿಗೆ ಅವಸರ, ಅವನು ಬಾಯಿ ತೆರೆಯುತ್ತಾನೆ, ತೆರೆದ ಬಾಯಿಗೆ ಅವರದು ಒಂದೇ ಉತ್ತರ, "ತಡೀರಿ." ಹಿರಿಯರಿಗೆ ತಡೀರಿ, ಕಿರಿಯರಿಗೆ ತಡಿ, ಉಕ್ಕಲು ಹೊರಟ ಹಾಲಿಗೂ ಕೆಳಗೆ ಹಾರ್ನ್ ಒತ್ತುವ ಲಾರಿಗೂ ತಡಿಯಪ್ಪ. ಹೀಗಾಗಿ ತಂದೆತಾಯಿ ಇಟ್ಟ ಹೆಸರು ಯಾವತ್ತೋ ಸವೆದುಹೋಗಿ, ಅಂಚೆಯವನ ಬಾಯಲ್ಲೂ ಅವರು ತಡಿಯಕ್ಕನೇ ಆಗಿದ್ದಾರೆ.

ಅವರ ನಡಿಗೆ ತುಂಬಿದ ಕೊಡ ಹೊತ್ತವರ ನಡಿಗೆ. ನಿಧಾನವಲ್ಲ, ಒಂದು ಹನಿಯೂ ತುಳುಕಬಾರದೆಂಬ ಎಚ್ಚರ ಮಾತ್ರ. ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಎಣಿಕೆಯ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದವರು. ಅಲ್ಲಿಂದ ಬರುವಾಗ ತಂದದ್ದು ಒಂದು ಬೂದುಬಣ್ಣದ ಕೋಟು. ಮೊಳಕೈಗಳಲ್ಲಿ ತೇಪೆ, ಕಾಲರಿನಲ್ಲಿ ಬೆಸುಗೆಯ ಕಿಡಿ ಮಾಡಿದ ತೂತುಗಳು; ಎಡಗಡೆಯ ಜೇಬನ್ನು ದಪ್ಪ ದಾರದಲ್ಲಿ ಹೊಲಿದು ಮುಚ್ಚಿಬಿಟ್ಟಿದ್ದಾರೆ. ಯಾಕಕ್ಕಾ ಎಂದು ಒಮ್ಮೆ ಕೇಳಿದೆ. "ಎರಡು ಜೇಬಿದ್ರೆ, ಕಳೆದುಹೋದದ್ದನ್ನ ಎರಡು ಕಡೆ ಹುಡುಕಬೇಕು" ಎಂದರು.

ಅವರ ಕೋಣೆ ಒಂದು ಮುದ್ರಣಾಲಯದ ಮೇಲಿದೆ. ಹೊರಗೋಡೆಗೆ ಅಂಟಿಕೊಂಡ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗಬೇಕು. ಕಿಟಕಿ ಇರುವುದು ಉತ್ತರಕ್ಕೆ ಒಂದೇ. ಬಿಸಿಲೆಂಬುದು ವರ್ಷದ ಒಂದು ದಿನವೂ ಆ ಕೋಣೆಯೊಳಗೆ ಕಾಲಿಡುವುದಿಲ್ಲ. ಕೆಳಗೆ ಯಂತ್ರ ಓಡುವಷ್ಟು ಹೊತ್ತೂ ನೆಲ ಸಣ್ಣಗೆ ನಡುಗುತ್ತಿರುತ್ತದೆ. ಆದ್ದರಿಂದ ಸೂಕ್ಷ್ಮದ ಕೆಲಸಗಳೆಲ್ಲ ಕೆಳಗಿನವರು ಊಟಕ್ಕೆ ಎದ್ದ ಮುಕ್ಕಾಲು ಗಂಟೆಯಲ್ಲೇ ನಡೆಯಬೇಕು. ಅವರು ಊಟಕ್ಕೆ ಎದ್ದರೆ ಇವರು ಕೆಲಸಕ್ಕೆ ಕೂರುತ್ತಾರೆ, ಅವರು ಕೆಲಸಕ್ಕೆ ಕೂತರೆ ಇವರು ಊಟಕ್ಕೆ ಏಳುತ್ತಾರೆ.

ಇನ್ನೊಂದು ಹಟವೂ ಅವರಿಗಿದೆ. ರಿಪೇರಿ ಮಾಡಿದ ಪ್ರತಿ ವಸ್ತುವಿನ ಹೊಟ್ಟೆಯೊಳಗೆ, ಮುಚ್ಚಳ ಹಾಕುವ ಮುನ್ನ, ಬೆರಳಗಲದ ಚೀಟಿಯೊಂದನ್ನು ಮಡಿಸಿ ಇಡುತ್ತಾರೆ. ಏನು ಕೆಟ್ಟಿತ್ತು, ಏನು ಮಾಡಿದೆ, ಯಾವ ದಿನ. ಯಾರು ಓದುತ್ತಾರೆ ಇದನ್ನು ಎಂದರೆ, "ಮುಂದೆ ಬಿಚ್ಚುವವರು" ಎನ್ನುತ್ತಾರೆ. ಮುಂದೆ ಬಿಚ್ಚುವವರು ಯಾರೆಂದು ಅವರಿಗೂ ಗೊತ್ತಿಲ್ಲ. ಹುಟ್ಟಿದ್ದಾರೋ ಇಲ್ಲವೋ ಎಂಬ ಆ ಅಪರಿಚಿತರಿಗೆ ಅವರು ಬರೆದಿಟ್ಟ ಕಾಗದಗಳು ಊರಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆಗಡಿಯಾರಗಳ ಒಳಗೆ ಇಂದಿಗೂ ಕಾಯುತ್ತಿವೆ.

ನಾನು ಅವರ ಮೆಟ್ಟಿಲು ಹತ್ತಿದ್ದು ನನ್ನ ಮಗಳ ದೆಸೆಯಿಂದ. ಸರಿಯಾಗಿ ಹೇಳುವುದಾದರೆ ನನ್ನ ಬಾಯಿಯ ದೆಸೆಯಿಂದ.

ನನ್ನ ಕಸುಬು ಗೇಟು, ಗ್ರಿಲ್ಲು ಬೆಸೆಯುವುದು. ಸಿಟ್ಟು ಮೂಗಿನ ತುದಿಯಲ್ಲೇ ವಾಸ. ಮಗಳಿಗೆ ಇಪ್ಪತ್ತು, ಮನೆಯಲ್ಲಿ ಚೂಟಿ ಎನ್ನುತ್ತೇವೆ. ಅವಳಿಗೆ ಪೇಂಟ್‌ಬಾಲಿನ ಹುಚ್ಚು. ಐದೈದು ಜನರ ಎರಡು ತಂಡ, ಬಯಲಿನಲ್ಲಿ ಗಾಳಿ ತುಂಬಿದ ದೊಡ್ಡ ದೊಡ್ಡ ದಿಂಬುಗಳ ಮರೆ, ಮುಖಕ್ಕೆ ಮಾಸ್ಕು, ಕೈಯಲ್ಲಿ ಬಂದೂಕಿನಂಥದು. ಅದಕ್ಕೆ ಗನ್ ಎಂದರೆ ಅವಳಿಗೆ ಕೋಪ, ಮಾರ್ಕರ್ ಎನ್ನಬೇಕು. ಬಣ್ಣದ ನೀರು ತುಂಬಿದ, ಗೋಲಿಗಿಂತ ತುಸು ದೊಡ್ಡ ಮೆತ್ತನೆಯ ಗುಂಡುಗಳನ್ನು ಅದು ಗಾಳಿಯ ಒತ್ತಡದಿಂದ ಹಾರಿಸುತ್ತದೆ. ಮೈಮೇಲೆ ಬಣ್ಣ ಒಡೆದವರು ಹೊರಗೆ ನಡೆಯಬೇಕು. ಅವಳು ತಂಡದಲ್ಲಿ ಎಲ್ಲರಿಗಿಂತ ಮುಂದೆ ನುಗ್ಗುವವಳು. ಯಾರೋ ಆಡಿ ಬಿಟ್ಟ ಕಡುಗೆಂಪು ಬಣ್ಣದ ಹಳೆಯ ಮಾರ್ಕರೊಂದನ್ನು ಅವಳ ಹುಟ್ಟುಹಬ್ಬಕ್ಕೆ ನಾನೇ ತಂದುಕೊಟ್ಟಿದ್ದೆ.

ಅದಕ್ಕೊಂದು ರೋಗವಿತ್ತು. ಮೇಲಿನ ಡಬ್ಬಿಯಿಂದ ಗುಂಡು ಒಂದೊಂದಾಗಿ ಕೊಳವೆಗೆ ಇಳಿಯಬೇಕು, ಇಳಿದ ಮೇಲೆ ಹಿಂದಿನಿಂದ ಬೋಲ್ಟು ನುಗ್ಗಿ ಅದನ್ನು ಮುಂದೆ ತಳ್ಳಬೇಕು. ಬೆರಳು ಚುರುಕಾಗಿ ಆಡಿದರೆ, ಗುಂಡು ಅರ್ಧ ಇಳಿದಿರುವಾಗಲೇ ಬೋಲ್ಟು ನುಗ್ಗಿ ಅದನ್ನು ಕತ್ತರಿಸಿಬಿಡುತ್ತಿತ್ತು. ಒಳಗೆಲ್ಲ ಬಣ್ಣದ ರಾಡಿ. ಆಮೇಲೆ ಹೊಡೆದ ಗುಂಡು ಎತ್ತಲೋ ಹೋಗುತ್ತಿತ್ತು. ಒಂದು ಪಂದ್ಯದಲ್ಲಿ, ಇನ್ನೊಂದೇ ಹೊಡೆತಕ್ಕೆ ಗೆಲುವು ಎನ್ನುವಾಗ, ಹೀಗೇ ಆಯಿತು. ಅವಳು ಸೋತು ಹೊರಬಂದಳು. ಗೆರೆಯಾಚೆ ನಿಂತಿದ್ದ ನಾನು, ಅವಳ ತಂಡದವರೆಲ್ಲರ ಎದುರಿಗೆ, "ಬೆರಳಿಗೆ ಬುದ್ಧಿ ಇಲ್ವೇನೇ ನಿಂಗೆ? ಕಣ್ಣು ಮುಚ್ಕೊಂಡು ಒತ್ತೋದೇ ಆಟನಾ?" ಎಂದು ಕೂಗಿಬಿಟ್ಟೆ. ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆ. ಅವಳು ಮಾಸ್ಕು ತೆಗೆಯಲಿಲ್ಲ. ಮಾಸ್ಕಿನೊಳಗೆ ಅಳುತ್ತಿದ್ದಳೆಂದು ಆಮೇಲೆ ನನ್ನ ಹೆಂಡತಿ ಹೇಳಿದಳು.

ಮನೆಗೆ ಬಂದವಳು ಮಾರ್ಕರನ್ನು ನನ್ನ ಶೆಡ್ಡಿನ ಬೆಂಚಿನ ಮೇಲಿಟ್ಟು, "ನಿಮ್ಮ ಗನ್ನು, ತಗೊಳ್ಳಿ" ಎಂದಳು. ಗನ್ನು ಎಂದಳು. ಅಲ್ಲಿಂದ ಮುಂದೆ ನನ್ನ ಜೊತೆ ಅವಳ ಮಾತು ಹೂಂ, ಉಹೂಂ ಎರಡೇ. ಮುಂದಿನ ಪಂದ್ಯಕ್ಕೆ ಮೂರು ವಾರವಿತ್ತು. ಬರುವುದಿಲ್ಲವೆಂದು ತಂಡಕ್ಕೆ ತಿಳಿಸಿಯೂ ಆಗಿತ್ತು.

ತಪ್ಪು ಬೆರಳಿನದಲ್ಲ, ಮಾರ್ಕರಿನದು ಎಂದು ನನಗೆ ತಿಳಿದದ್ದು ಎರಡು ದಿನದ ಮೇಲೆ. ಹೊಸ ಮಾರ್ಕರುಗಳಿಗೆ ಗುಂಡು ಬಂದು ಕೂರುವ ಜಾಗದಲ್ಲಿ ಎರಡು ಕಣ್ಣು ಇರುತ್ತವಂತೆ. ಒಂದು ಪಕ್ಕದಲ್ಲಿ ಮೆಣಸಿನ ಕಾಳಿನಷ್ಟು ಸಣ್ಣ ಬಲ್ಬು, ನಮಗೆ ಕಾಣದ ಬೆಳಕನ್ನು ಚೆಲ್ಲುವಂಥದು. ಎದುರು ಪಕ್ಕದಲ್ಲಿ ಆ ಬೆಳಕನ್ನು ಹಿಡಿಯುವ ಅಷ್ಟೇ ಸಣ್ಣದು ಇನ್ನೊಂದು. ಗುಂಡು ಪೂರ್ತಿ ಬಂದು ನಡುವೆ ಕೂತರೆ ಬೆಳಕನ್ನು ತಡೆಯುತ್ತದೆ. ತಡೆದರೆ ಮಾತ್ರ ಬೋಲ್ಟು ಮುಂದೆ ಹೋಗುತ್ತದೆ. ಇಲ್ಲವಾದರೆ ಎಷ್ಟು ಒತ್ತಿದರೂ ಸುಮ್ಮನೆ. ನಮ್ಮ ಮಾರ್ಕರಿನ ಹಿಡಿಕೆಯೊಳಗಿನ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಕಣ್ಣಿಗೆಂದು ಜಾಗ ಬಿಟ್ಟಿತ್ತು, ಕಣ್ಣಿರಲಿಲ್ಲ. ಕುರುಡನ ಕೈಗೆ ಕತ್ತಿ ಕೊಟ್ಟು, ಕತ್ತರಿಸಿದ್ದಕ್ಕೆ ಮಗಳನ್ನು ಬೈದಿದ್ದೆ.

ತೂತು ಕೊರೆಯುವುದು ನನಗೆ ಹೇಳಿಕೊಡಬೇಕೆ? ದಿನಕ್ಕೆ ನೂರು ಕೊರೆಯುತ್ತೇನೆ. ಮಾರ್ಕರನ್ನು ಬೆಂಚಿನ ವೈಸಿಗೆ ಬಿಗಿದು, ಕಣ್ಣಳತೆಯಲ್ಲಿ ಗುರುತು ಹಾಕಿ, ಡ್ರಿಲ್ಲು ಒತ್ತಿದೆ. ಗೇಟು ಮಾಡುವವನಿಗೆ ಎರಡು ಮಿಲಿಮೀಟರು ಎನ್ನುವುದು ಬಣ್ಣ ಬಳಿದರೆ ಮುಚ್ಚಿಹೋಗುವ ಮಾತು. ಇಲ್ಲಿ ಅದು ಆಕಾಶ ಪಾತಾಳದ ಅಂತರ. ಒಂದು ಪಕ್ಕ ಕೊರೆದ ಮೇಲೆ ಗುಂಡು ಹಾಕಿ ನೋಡಿದರೆ, ತೂತು ತೀರಾ ಮೇಲಾಗಿತ್ತು. ಗುಂಡಿನ ನೆತ್ತಿಗಿಂತ ಮೇಲೆ. ಅಲ್ಲಿ ಕಣ್ಣಿಟ್ಟರೆ, ಅರ್ಧ ಇಳಿದ ಗುಂಡನ್ನು ಪೂರ್ತಿ ಇಳಿದಿದೆ ಎಂದು ಸುಳ್ಳು ಹೇಳುವ ಕಣ್ಣು ಅದಾಗುತ್ತಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಅಂಟುತ್ತದೆಯೇ? ಅಂಟಿಸಲು ನೋಡಿದೆ. ಎರಡು ಟ್ಯೂಬು ಬೆರೆಸಿ ಹಚ್ಚುವ, ಒಣಗಿದರೆ ಗಾಜಿನಂತಾಗುವ ಗೋಂದನ್ನು ತೂತಿಗೆ ತುಂಬಿ ತಿಕ್ಕಿ ನಯ ಮಾಡಿದೆ. ಮೇಲೆ ಬಳಿಯಲು ಅದೇ ಕಡುಗೆಂಪು ಬೇಕಲ್ಲ. ಹೆಂಡತಿಯ ಕನ್ನಡಿಯ ಮುಂದಿದ್ದ ನೇಲ್ ಪಾಲಿಶ್ ಥೇಟ್ ಅದೇ ಬಣ್ಣ. ಎರಡು ಕೈ ಬಳಿದೆ. ಹುಟ್ಟಿನಿಂದ ಇದ್ದ ಮೈಯಂತೆ ಕೂಡಿಕೊಂಡಿತು. ಸೀಸೆಯನ್ನು ನನ್ನ ಸ್ಕ್ರೂ ಡಬ್ಬಿಯೊಳಗೆ ಅಡಗಿಸಿದೆ.

ಆಮೇಲೆ ಹಾರ್ಡ್‌ವೇರ್ ಅಂಗಡಿಯವನು ಹೇಳಿದ: "ಬೆಳಕಿನ ಕಣ್ಣಿನ ಕೆಲಸ ಅಂದ್ರೆ ತಡಿಯಕ್ಕ. ಆದ್ರೆ ಅಲ್ಲಿ ನಿನ್ನ ಸಿಟ್ಟು ನಡೆಯಲ್ಲ ನೋಡು."

ಮಾರ್ಕರನ್ನು ಹಸಿರು ಬಟ್ಟೆಯ ಮೇಲಿಟ್ಟು ನಿಂತೆ. ಅವರು ಎರಡು ಹೆಜ್ಜೆ ಹಿಂದೆ ಹೋಗಿ ನೋಡತೊಡಗಿದರು. ಎಷ್ಟು ಹೊತ್ತು! ನನ್ನ ಕಾಲು ತಾನಾಗಿ ಕುಣಿಯತೊಡಗಿತ್ತು.

"ಇದನ್ನ ಮೊದಲು ಯಾರಾದ್ರೂ ಬಿಚ್ಚಿದ್ರಾ?"

"ಇಲ್ಲ."

ಮತ್ತಷ್ಟು ಹೊತ್ತು ಬಿಟ್ಟು, "ಯಾರೂ ಕೈ ಹಚ್ಚಿಲ್ಲ ಅಲ್ವಾ?"

"ಎಷ್ಟು ಸಲ ಹೇಳೋದಕ್ಕಾ? ಯಾರೂ ಇಲ್ಲ ಅಂದ್ನಲ್ಲ" ಎಂದು ಗುಡುಗಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದು ಹೀಗೇ ಇರಬೇಕು. ಅವರು ನನ್ನ ಮುಖವನ್ನು ಒಮ್ಮೆ ನೋಡಿ, "ಸರಿ, ನಿಮ್ಮ ಮಾತು" ಎಂದು ಕೋಟಿನ ಗುಂಡಿ ಹಾಕಿಕೊಂಡರು.

ಆ ಕೆಲಸಕ್ಕೆ ಅವರು ತೆಗೆದುಕೊಂಡದ್ದು ಐದು ದಿನ; ಅಂದರೆ ಮುದ್ರಣಾಲಯದವರ ಐದು ಊಟ. ಮೊದಲ ದಿನ ಗುಂಡುಗಳನ್ನೇ ಅಳೆದರು. ಬೇರೆಬೇರೆ ಚೀಲದಿಂದ ಹತ್ತು ಗುಂಡು ತರಿಸಿ, ಒಂದೊಂದನ್ನೂ ಮೂರು ಕಡೆ ಅಳೆದು, ತೇವಕ್ಕೆ ಉಬ್ಬಿದ್ದೆಷ್ಟು, ಒಣಗಿ ಸೊರಗಿದ್ದೆಷ್ಟು ಎಂದು ಬರೆದುಕೊಂಡರು. ಎರಡನೆಯ ದಿನ ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ, ಎರಡು ತುದಿ ಸೇರುವಲ್ಲಿ ಕತ್ತರಿಸಿ, ಬಿಚ್ಚಿ ಸರಿಯಾಗಿ ನಡುವೆ ಮಡಿಸಿದರು. ತುದಿ ಇದ್ದ ಕಡೆ ಒಂದು ಕಣ್ಣು, ಮಡಿಕೆ ಬಿದ್ದ ಕಡೆ ಇನ್ನೊಂದು. ಎರಡೂ ಒಂದಕ್ಕೊಂದು ನೇರ ಎದುರು. ಇಷ್ಟು ಸುಲಭವೇ ಎಂದು ನನಗೆ ಮೈ ಉರಿಯಿತು. ಮೂರನೆಯ ದಿನ, ಬೆರಳುಗಳ ನಡುವೆ ಹಿಡಿದು ತಿರುಗಿಸುವ ಸಣ್ಣ ಡ್ರಿಲ್ಲಿನಿಂದ, ವಿದ್ಯುತ್ತಿನ ಹಂಗಿಲ್ಲದೆ, ತುಟಿಯಲ್ಲೇ ಸುತ್ತು ಎಣಿಸುತ್ತ ಕೊರೆದರು. ನಾನು ಮೂರು ಉಸಿರಿನಲ್ಲಿ ಮುಗಿಸುವ ತೂತಿಗೆ ಅವರು ಇನ್ನೂರ ಹನ್ನೆರಡು ಸುತ್ತು ತೆಗೆದುಕೊಂಡರು. ಆಮೇಲೆ ಬಲ್ಬು ಕೂರಿಸಿ, ಕೂದಲಿನಂಥ ತಂತಿಗಳನ್ನು ಹಿಡಿಕೆಯ ಒಳಗಿನಿಂದ ಬೋರ್ಡಿನವರೆಗೆ ಎಳೆದು, ಬೆಸೆದರು.

ಕೊನೆಯ ದಿನ ತಮ್ಮ ಹಳೆಯ ಫೋನಿನ ಕ್ಯಾಮೆರಾವನ್ನು ಕೊಳವೆಯ ಬಾಯಿಗೆ ಹಿಡಿದು, "ಬನ್ನಿ, ನೋಡಿ" ಎಂದರು. ಬರಿಗಣ್ಣಿಗೆ ಕತ್ತಲೆಯಾಗಿದ್ದ ಕೊಳವೆಯೊಳಗೆ, ಫೋನಿನ ಪರದೆಯಲ್ಲಿ, ತಿಳಿ ನೇರಳೆಯ ಚುಕ್ಕೆಯೊಂದು ಮಿಣಮಿಣ ಉರಿಯುತ್ತಿತ್ತು. ಗುಂಡು ಹಾಕಿ ಒತ್ತಿದರು: ಹೊಡೆಯಿತು. ಗುಂಡಿಲ್ಲದೆ ಒತ್ತಿದರು: ಸುಮ್ಮನಿತ್ತು. ನೂರು ಸಲ ಒತ್ತಿ ನೋಡಿ, ಚೀಟಿ ಮಡಿಸಿಟ್ಟು, ಹಿಡಿಕೆ ಮುಚ್ಚಿದರು. ಆ ದಿನ ನಾನು ಮೆಟ್ಟಿಲನ್ನು ಎರಡೆರಡಾಗಿ ಇಳಿದೆ.

ಚೂಟಿ ಮಾರ್ಕರನ್ನು ತಿರುಗಿಸಿ ಮುರುಗಿಸಿ ನೋಡಿ, "ಕಣ್ಣು ಹಾಕ್ಸಿದ್ರಾ?" ಎಂದಳು. ಹದಿನೈದು ದಿನಕ್ಕೆ ಎರಡು ಪದದ ಮಾತು! ಅಂದೇ ತಂಡಕ್ಕೆ ಫೋನು ಮಾಡಿದಳು. ಪಂದ್ಯಕ್ಕೆ ಮುನ್ನಾದಿನ ಅಭ್ಯಾಸವಿತ್ತು. ನನ್ನ ಗಾಡಿಯ ಹಿಂದೆ ಕೂತು ಬಯಲಿಗೆ ಬಂದಳು. ಬೆಳಗಿನ ಹತ್ತು ಗಂಟೆ, ಕಣ್ಣು ಕೋರೈಸುವ ಬಿಸಿಲು. ದಿಂಬಿನ ಮರೆಯ ನೆರಳಿನಲ್ಲಿ ಮಾರ್ಕರು ಮಾತು ಕೇಳಿತು. ಹೊರಗೆ ನುಗ್ಗಿ ಬಲಕ್ಕೆ ತಿರುಗಿದಳು, ಒತ್ತಿದಳು, ಒತ್ತಿದಳು. ಅದು ಸತ್ತಂತೆ ಸುಮ್ಮನಿತ್ತು. ಎದುರಿನವಳು ಬಿಡುವಾಗಿ ನಿಂತು ಇವಳ ಮೈಗೆ ನಾಲ್ಕು ಹೊಡೆದಳು.

"ಅಪ್ಪಾ, ನೀವೇನಾದ್ರೂ ಇದಕ್ಕೆ ಕೈ ಹಾಕಿದ್ರಾ?" ಎಂದಳು ಹೊರಗೆ ಬಂದು.

"ನಾನ್ಯಾಕೆ ಹಾಕ್ಲಿ? ಆ ಮುದುಕಿ ಕೆಡಿಸಿದ್ದಾಳೆ, ನಡಿ" ಎಂದೆ.

ಮೆಟ್ಟಿಲು ಹತ್ತುವಾಗಲೇ ನನ್ನ ದನಿ ಮುದ್ರಣಾಲಯದ ಸದ್ದನ್ನು ಮೀರಿತ್ತು. ಐದು ದಿನ ಊದಿ ಊದಿ ಮಾಡಿದ ಕೆಲಸ ಇದೇನಾ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಿತ್ತು, ನಾಳೆ ಪಂದ್ಯ, ನನ್ನ ಮಗಳ ಮರ್ಯಾದೆ ಹೋಯಿತು. ಹಿಂದೊಂದು ದಿನ ಅದೇ ಮರ್ಯಾದೆಯನ್ನು ನಾನೇ ಕಳೆದಿದ್ದೆನೆಂಬುದು ನೆನಪಿಗೆ ಬರಲಿಲ್ಲ. ಚೂಟಿ ನನ್ನ ಅಂಗಿ ಹಿಡಿದು ಎಳೆಯುತ್ತಿದ್ದಳು. ತಡಿಯಕ್ಕ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಈ ಸಲ ಮಾರ್ಕರನ್ನಲ್ಲ, ನನ್ನನ್ನು ನೋಡುತ್ತ ನಿಂತರು. ನನ್ನ ಉಸಿರು ಮುಗಿಯಿತು.

"ಆಯ್ತಾ?" ಎಂದರು. ಆಮೇಲೆ ಚೂಟಿಯ ಕಡೆ ತಿರುಗಿ, "ನೀನು ಹೇಳು ಮಗು. ಯಾವಾಗ ನಿಲ್ಲತ್ತೆ?"

"ನೆರಳಲ್ಲಿ ಸರಿಯಾಗಿರತ್ತೆ ದೊಡ್ಡಮ್ಮ. ಬಿಸಿಲಿಗೆ ಹೋದ್ರೆ ಹೊಡೆಯಲ್ಲ. ಅದೂ ಬಲಗಡೆ ತಿರುಗಿದಾಗ."

ಬಿಸಿಲು ಎಂಬ ಮಾತಿಗೆ ಅವರ ಮುಖದಲ್ಲಿ ಏನೋ ಹಾದುಹೋಯಿತು. ಮಾರ್ಕರನ್ನು ಎತ್ತಿಕೊಂಡು ಮೆಟ್ಟಿಲಿನ ತುದಿಯ ಬಿಸಿಲಿಗೆ ಬಂದರು. ಚಿಂದಿ ತುಂಬಿದ ಗೋಣಿಚೀಲವೊಂದನ್ನು ಗುರಿಗೆ ಇಟ್ಟೆವು. ಮಾಸ್ಕು ಹಾಕದೆ ಯಾರೂ ಹೊಡೆಯುವಂತಿಲ್ಲವೆಂದು ಚೂಟಿ ಹಟ ಹಿಡಿದು ತನ್ನದನ್ನೇ ಅವರಿಗೆ ಕಟ್ಟಿ, ನನ್ನನ್ನು ಬಾಗಿಲ ಹಿಂದಕ್ಕೆ ತಳ್ಳಿ ತಾನೂ ಅಲ್ಲೇ ನಿಂತಳು. ಬೂದು ಕೋಟು, ಮುಖಕ್ಕೆ ಕಪ್ಪು ಮಾಸ್ಕು; ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವರು ಬಲಕ್ಕೆ ತಿರುಗಿ ಒತ್ತಿದರು, ಸುಮ್ಮನಿತ್ತು. ಕೊಳವೆಯ ಪಕ್ಕಕ್ಕೆ ಹೆಬ್ಬೆರಳು ಅಡ್ಡ ಇಟ್ಟು ಒತ್ತಿದರು, ಫಟ್ಟೆಂದು ಹೊಡೆಯಿತು. ಹೆಬ್ಬೆರಳು ತೆಗೆದರು, ಸುಮ್ಮನಾಯಿತು. ಇಟ್ಟರು, ಹೊಡೆಯಿತು. ಆ ಹೆಬ್ಬೆರಳಿನ ಕೆಳಗೆ ಏನಿದೆಯೆಂದು ಜಗತ್ತಿನಲ್ಲಿ ಬಲ್ಲವನು ನಾನೊಬ್ಬನೇ.

ಒಳಗೆ ಬಂದು, ದೀಪದ ಕೆಳಗೆ ಹಿಡಿದು, ಉಗುರಿನಿಂದ ಮೆಲ್ಲಗೆ ಕೆರೆದರು. ಕೆಂಪು ಸಿಪ್ಪೆ ಎದ್ದು ಬಂತು. ಅದನ್ನು ಬೆರಳ ತುದಿಯಲ್ಲಿಟ್ಟುಕೊಂಡು ಮೂಸಿ ನೋಡಿದರು. ನನ್ನ ಕಡೆ ಒಂದೇ ಒಂದು ಸಲ ನೋಡಿದರು. ಆಮೇಲೆ ಮಗಳಿಗೆ, ಏನೂ ವಿಶೇಷವಿಲ್ಲವೆಂಬಂತೆ ಹೇಳಿದರು: "ಇಲ್ಲೊಂದು ತೂತಿದೆ ಮಗು. ನಮ್ಮ ಕಣ್ಣಿಗೆ ಮುಚ್ಚಿದ ಹಾಗೆ ಕಾಣತ್ತೆ. ಆದ್ರೆ ಈ ಕಣ್ಣು ನೋಡೋ ಬೆಳಕಿಗೆ ಈ ಕೆಂಪು ಅಡ್ಡ ಬರಲ್ಲ. ಬಿಸಿಲಲ್ಲೂ ಆ ಬೆಳಕು ಬೇಕಾದಷ್ಟಿರತ್ತೆ. ಗುಂಡಿನ ತಲೆ ಮೇಲಿಂದ ಅದು ಒಳಗೆ ನುಗ್ಗಿದ್ರೆ, ಗುಂಡೇ ಬಂದಿಲ್ಲ ಅಂದ್ಕೊಂಡು ಮಾರ್ಕರು ಕಾಯ್ತಾ ಕೂರತ್ತೆ. ಹಳೇ ಸಾಮಾನಲ್ಲಿ ಹೀಗೆಲ್ಲ ಇರತ್ತೆ. ತಪ್ಪು ನಂದು. ಒಳಗಿಂದ ಕಂಡಾಗ ಗೀರು ಅಂದ್ಕೊಂಡೆ. ಮಾತು ನಂಬಿ, ಕೊಳವೆ ನೋಡೋದು ಬಿಟ್ಟೆ. ಬಿಸಿಲಿಗೂ ಹಿಡಿದು ನೋಡ್ಲಿಲ್ಲ."

"ಯಾವ ಪುಣ್ಯಾತ್ಮ ಕೊರೆದನೋ" ಎಂದಳು ಚೂಟಿ, ಬಗ್ಗಿ ನೋಡಿ. "ಕುಡಿದು ಕೊರೆದ ಹಾಗಿದೆ."

"ಹಾಗನ್ನಬಾರದು. ಪಾಪ, ಏನವಸರವಿತ್ತೋ."

ಅವರು ಹಿತ್ತಾಳೆಯ ಸಣ್ಣ ತುಂಡೊಂದನ್ನು ತೆಗೆದು, ಆ ತೂತಿನ ಅಳತೆಗೆ ಅರದಲ್ಲಿ ಉಜ್ಜತೊಡಗಿದರು. ಉಜ್ಜುತ್ತಲೇ ಮಗಳ ಜೊತೆ ಮಾತು. ಕಾರ್ಖಾನೆಯಲ್ಲಿ ಇದೇ ಬಗೆಯ ಕಣ್ಣು ಮಾತ್ರೆಗಳನ್ನು ಎಣಿಸುತ್ತಿತ್ತಂತೆ. ಬೀಳುವ ಮಾತ್ರೆ ಬೆಳಕನ್ನು ತಡೆದಾಗಲೆಲ್ಲ ಒಂದು. ಒಂದು ಸಲ ಬೆಳಗಿನ ಪಾಳಿಯ ಸೀಸೆಗಳ ಲೆಕ್ಕ ತಪ್ಪತೊಡಗಿತು. ಕೆಲವಕ್ಕೆ ನೂರರ ಬದಲು ನೂರ ಆರು, ನೂರ ಏಳು ಬೀಳುತ್ತಿದ್ದವು. ಮೇಲಿನವರು ಮುಚ್ಚಳ ಹಾಕುವ ಹೆಂಗಸನ್ನು ಹಿಡಿದರು. ಗಮನವಿಲ್ಲ, ಯಂತ್ರಕ್ಕೆ ಕೈ ತಾಗಿಸುತ್ತಾಳೆ ಎಂದು ಎಲ್ಲರ ಮುಂದೆ ಬೈದು, ಮೂರು ದಿನ ಹೊರಗೆ ಕೂರಿಸಿದರು. ತಡಿಯಕ್ಕ ಆ ಮೂರೂ ಬೆಳಗು ಯಂತ್ರದ ಎದುರು ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತರು. ಮೂರನೆಯ ಬೆಳಗು ಕಂಡಿತು: ಎತ್ತರದ ಗವಾಕ್ಷಿಯಿಂದ ಬಿಸಿಲ ಕೋಲೊಂದು ಇಳಿದು, ಹತ್ತೇ ನಿಮಿಷ ಯಂತ್ರದ ಕಣ್ಣಿಗೆ ಬಿದ್ದು, ಅತ್ತ ಸರಿದುಹೋಗುತ್ತಿತ್ತು. ಆ ಹತ್ತು ನಿಮಿಷ ಬೀಳುವ ಮಾತ್ರೆಗಳಲ್ಲಿ ಕೆಲವು ಕಣ್ಣಿಗೆ ಕಾಣದೆ ಎಣಿಕೆ ತಪ್ಪುತ್ತಿತ್ತು.

"ಗವಾಕ್ಷಿಗೆ ರಟ್ಟು ಹೊಡೆದ್ವಿ, ಸರಿಹೋಯ್ತು. ಅವಳು ವಾಪಸ್ ಬಂದಳು. ಬೈದವರು ಯಾರೂ ಬಂದು, ನಮ್ದು ತಪ್ಪಾಯ್ತು ಅನ್ನಲಿಲ್ಲ ಅಷ್ಟೇ. ರಿಟೈರ್ ಆಗೋ ತನಕ ಅವಳು ಆ ಯಂತ್ರದ ಹತ್ರ ಬರುವಾಗ ಕೈ ಹೀಗೆ ಮುದುರಿಕೊಂಡೇ ಬರೋಳು" ಎಂದು ಅರವನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಕೋಟಿನ ಎದೆಗೆ ಮುದುರಿ ತೋರಿಸಿದರು.

ಅದನ್ನು ನನಗೆಂದು ಹೇಳಿದರೋ, ಹಿತ್ತಾಳೆ ಉಜ್ಜುವ ಬೇಸರಕ್ಕೆ ಹೇಳಿದರೋ, ಇಂದಿಗೂ ತಿಳಿಯದು; ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರು ಒಂದು ಸಲ ನನ್ನ ಗುಟ್ಟು ಬಿಚ್ಚಿದ್ದರೆ ನಾನು ಖಂಡಿತ ಕೂಗಾಡಿ, ಇಲ್ಲವೆಂದು ಸಾಧಿಸಿ, ಬಾಗಿಲು ಬಡಿದು ಬರುತ್ತಿದ್ದೆ. ಕೆಳಗೆ ಮುದ್ರಣಯಂತ್ರ ಊಟಕ್ಕೆ ನಿಂತಿತು. ನೆಲದ ನಡುಕ ಹೋಯಿತು. ಆ ನಿಶ್ಶಬ್ದದಲ್ಲಿ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

"ಆ ತೂತು ನಾನು ಕೊರೆದಿದ್ದು."

ಚೂಟಿ ತಿರುಗಿ ನೋಡಿದಳು.

"ಕುಡಿದಿರ್ಲಿಲ್ಲ" ಎಂದೆ. "ನಿನ್ನ ಬೈದಿದ್ದು ತಪ್ಪು ಅಂತ ಗೊತ್ತಾಯ್ತು. ಬೇಗ ಸರಿಮಾಡಿ ಕೊಡೋಣ ಅಂತ ಹೋದೆ. ಆವತ್ತು ತಪ್ಪಿದ್ದು ನಿನ್ನ ಬೆರಳಲ್ಲ ಚೂಟಿ."

ಅವಳು ಮೇಜಿನ ಮೇಲೆ ಬಿದ್ದಿದ್ದ ಕೆಂಪು ಸಿಪ್ಪೆಯನ್ನು ಎತ್ತಿ ನೋಡಿದಳು. ಆಮೇಲೆ, "ಅಪ್ಪಾ, ಇದು ಅಮ್ಮನ ಪಾಲಿಶ್ ಅಲ್ವಾ?" ಎಂದಳು.

"ಹೂಂ."

"ಎರಡು ವಾರದಿಂದ ಅಮ್ಮ ನಂಗೆ ಬೈತಿದಾಳೆ, ನಾನೇ ಕದ್ದಿದೀನಿ ಅಂತ."

ಮೊದಲು ನಕ್ಕವರು ತಡಿಯಕ್ಕ. ಸದ್ದಿಲ್ಲದ ನಗು, ಕೋಟಿನ ಹೆಗಲು ಮಾತ್ರ ಕುಲುಕುವಂಥದು. ಆಮೇಲೆ ಚೂಟಿ. ಅವಳು ನಗುತ್ತ ನಗುತ್ತ ಕಣ್ಣೊರೆಸಿಕೊಂಡು, "ಮನೆಗೆ ನಡೀರಿ, ನಿಮಗಿದೆ ಅಲ್ಲಿ" ಎಂದಳು. ಅವಳು ನನ್ನ ಜೊತೆ ನಕ್ಕು ಮಾತಾಡಿ ಎಷ್ಟು ದಿನವಾಗಿತ್ತು.

ಹಿತ್ತಾಳೆಯ ಬಿರಡೆಯನ್ನು ತೂತಿಗೆ ಬಿಗಿದ ಮೇಲೆ, ಅದಕ್ಕೆ ಕೆಂಪು ಬಳಿಯೋಣವೇ ಎಂದೆ. "ಬೇಡ. ಮುಚ್ಚಿದ್ದು ಕಾಣ್ಲಿ. ಕಾಣದ ಹಾಗೆ ಮುಚ್ಚಿದ್ದಕ್ಕೇ ಇಷ್ಟೆಲ್ಲ ಆಗಿದ್ದು" ಎಂದರು. ಹಿಡಿಕೆ ಬಿಚ್ಚಿ ತಮ್ಮ ಹಳೆಯ ಚೀಟಿ ತೆಗೆದು, ಖಾಲಿ ಚೀಟಿಯೊಂದನ್ನು ಪೆನ್ಸಿಲ್ಲಿನ ಜೊತೆ ನನ್ನ ಮುಂದೆ ಸರಿಸಿದರು. ಅದುವರೆಗೆ ಒಂದು ಚೀಟಿಯನ್ನೂ ಇನ್ನೊಬ್ಬರ ಕೈಯಲ್ಲಿ ಬರೆಸಿದವರಲ್ಲವಂತೆ ಅವರು. ಬರೆಯುವುದು ನನಗೆ ಬೆಸೆಯುವಷ್ಟು ಸಲೀಸಲ್ಲ, ಆದರೂ ಬರೆದೆ. ಪಂದ್ಯದ ದಿನ ಅದು ಚೂಟಿಯ ಅಂಗೈಯ ಕೆಳಗೇ, ಹಿಡಿಕೆಯ ಒಳಗೇ ಇತ್ತು. ಅಂದು ಅವಳ ತಂಡ ಮೂರನೆಯ ಸುತ್ತಿನಲ್ಲಿ ಸೋತಿತು. ಆದರೆ ಬಿಸಿಲಿನಲ್ಲಾಗಲಿ ನೆರಳಿನಲ್ಲಾಗಲಿ ಒಂದು ಗುಂಡೂ ಒಳಗೆ ಒಡೆಯಲಿಲ್ಲ. ಸೋತು ಹೊರಬಂದವಳು ಮಾಸ್ಕು ತೆಗೆದು, ಗೆರೆಯಾಚೆ ಬಾಯಿ ಬಿಗಿದು ನಿಂತಿದ್ದ ನನ್ನ ಬಳಿಗೇ ನೇರ ಬಂದು, ಮಾರ್ಕರನ್ನು ನನ್ನ ಕೈಗಿಟ್ಟು ನೀರು ಕೇಳಿದಳು.

ತಪ್ಪು ಹುಡುಕಬಲ್ಲವರು ಲೋಕದಲ್ಲಿ ಹೇರಳ, ನಾನೇ ಒಬ್ಬ. ಹುಡುಕಿದ್ದನ್ನು ಹತ್ತು ಜನಕ್ಕೆ ಕೇಳಿಸುವ ಗಂಟಲೂ ನಮಗಿರುತ್ತದೆ. ತಪ್ಪು ಕೈಗೆ ಸಿಕ್ಕ ಮೇಲೂ, ಅದರ ಒಡೆಯ ತಾನಾಗಿ ಬಂದು ಎತ್ತಿಕೊಳ್ಳಲಿ ಎಂದು ಜಾಗ ಬಿಟ್ಟು ನಿಲ್ಲುವವರು ವಿರಳ. ಅವರು ದೊಡ್ಡ ಮಾತು ಆಡುವುದಿಲ್ಲ, ಕ್ಷಮಿಸಿದೆನೆಂದೂ ಹೇಳುವುದಿಲ್ಲ. ಬಹುಶಃ ಅದನ್ನು ಉಪಕಾರವೆಂದೂ ಅವರು ಎಣಿಸಿರುವುದಿಲ್ಲ. ಕೆಟ್ಟ ಗಡಿಯಾರದ ಮುಂದೆ ನಿಂತಂತೆಯೇ ಕೆಟ್ಟ ಮನುಷ್ಯನ ಮುಂದೆಯೂ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ಹೆಜ್ಜೆ ಹಿಂದೆ ನಿಂತಿರುತ್ತಾರೆ. ನಮ್ಮಂಥವರು ಹೇಗೋ ರಿಪೇರಿಯಾಗುವುದು ಆ ಎರಡು ಹೆಜ್ಜೆ ಜಾಗದಲ್ಲೇ.